ಅಮ್ಮ ಕಂಡ ಹಡಗು

ತೆಲೋಕ್ ಬ್ಲಾಂಗಾ, ಸಿಂಗಾಪುರ
೧೨ ನವೆಂಬರ್ ೨೦೨೩, ಭಾನುವಾರ

ಪ್ರೀತಿಯ ತಂಗಿ ಲಿಮಾಳಿಗೆ,

ನಿನಗೂ ನಿನ್ನ ಯಜಮಾನರಿಗೂ ಮಕ್ಕಳಿಗೂ ಸಲಾಂ. ನಾವಿಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಅಮ್ಮನ ನಲವತ್ತನೆಯ ದಿನದ ಊಟವೂ ಮುಗಿದುಹೋಯಿತು, ಹಿರಿಯ ಮಗಳು ಅನ್ನಿಸಿಕೊಂಡ ನಾನು ಬರಲಿಲ್ಲ. ಮಂಡಿ ನೋವು ಎಂದು ಫೋನಿನಲ್ಲಿ ಹೇಳಿದೆ, ಮೊಮ್ಮಗ ಲುತ್ಫಿಗೆ ಜ್ವರ ಎಂದೂ ಹೇಳಿದೆ. ಎರಡೂ ಸುಳ್ಳಲ್ಲ. ನೀನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನಿಮ್ಮ ಮನೆಗೆ ಫೋನು ಮಾಡಿದರೆ ಹತ್ತು ಕಿವಿ. ನಮ್ಮ ಕೆಳಮಹಡಿಯ ಸಾನಿ ಗುರುವಾರ ನಿಮ್ಮ ಬೆಲಾಕಾಂಗ್ ಪಾಡಾಂಗ್ ದ್ವೀಪಕ್ಕೆ ಬಲೆ ತರಲು ಬರುತ್ತಾನಂತೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಕೂತು ಓದು.

ಹಡಗಿನ ಪ್ರಯಾಣ ಹೇಗಿತ್ತು ಎಂದು ನೀನು ಎರಡು ಸಲ ಕೇಳಿದ್ದೆ. ಅಮ್ಮ ಹೋದ ಮೇಲೆ ಆ ಮಾತೆತ್ತುವುದಕ್ಕೇ ಮನಸ್ಸಾಗಲಿಲ್ಲ. ಇವತ್ತು ಹೇಳುತ್ತೇನೆ.

ನಿನಗೆ ಗೊತ್ತೇ ಇದೆ, ಸರ್ಕಾರದವರು ನಮ್ಮ ದ್ವೀಪ ಖಾಲಿ ಮಾಡಿಸಿದಾಗ ಅಮ್ಮ ಈ ಒಂಬತ್ತನೇ ಮಹಡಿಗೆ ಕಾಲಿಡಲು ಒಪ್ಪಲಿಲ್ಲ. "ಕೆಳಗಡೆ ನೀರಿಲ್ಲದ ಮನೇಲಿ ನಂಗೆ ನಿದ್ದೆ ಬರಲ್ಲ ಕಣ್ರೇ" ಎಂದು ನೀರಿನ ಮೇಲೆ ನಿಂತ ನಿನ್ನ ಕಂಬದ ಮನೆಗೆ ಬಂದುಬಿಟ್ಟಳು. ಆಗ ಈ ದಡ ಆ ದಡ ಎಂದರೆ ಒಂದು ಹುಟ್ಟು ಹಾಕುವ ಮಾತು. ಈಗ ಗಡಿ, ಪಾಸ್‌ಪೋರ್ಟು, ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಇಳಿಯುವುದು. ಹೋದ ಸಲ ಇಳಿಯುವಾಗ ಜಾರಿ ಬಿದ್ದೆನಲ್ಲ, ಆಮೇಲೆ ನನ್ನ ಮಂಡಿ ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಮುಂದಿನ ಹಬ್ಬಕ್ಕೆ, ಅದರ ಮುಂದಿನ ಹಬ್ಬಕ್ಕೆ ಎನ್ನುತ್ತ ಲುತ್ಫಿಗೆ ನಾಲ್ಕು ತುಂಬಿತು. ಮರಿಮಗನನ್ನು ಅಮ್ಮ ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಫೋನಿನಲ್ಲಿ ತೋರಿಸಿದರೆ ಮುಖ ತಿರುಗಿಸುತ್ತಿದ್ದಳು. "ಗಾಜಿನೊಳಗಿನ ಕೂಸು ನಂಗ್ಯಾಕೆ? ದೂರದಿಂದಾದ್ರೂ ಸರಿ, ಗಾಳೀಲಿ ನಿಂತಿರೋ ಕೂಸನ್ನ ತೋರ್ಸು" ಎನ್ನುವಳು. ಹತ್ತಿರದ್ದು ಮಂಜಾಗಿದ್ದರೂ ದೂರದ ದೋಣಿ ಯಾರದೆಂದು ಹೇಳುವ ಕಣ್ಣು ಅವಳದು. ಅವಳಿಗಿದ್ದ ಆಸೆ ಇದೊಂದೇ.

ಆ ಮಾತನ್ನು ನನ್ನ ಮಗ ಹಮ್ದಾನ್ ತಲೆಗೆ ಹಚ್ಚಿಕೊಂಡ. ಒಂದು ಸಂಜೆ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದ. "ನೋಡಮ್ಮ, ಪೆನಾಂಗಿಗೆ ಹೋಗೋ ಪ್ರವಾಸದ ಹಡಗು ನಮ್ಮ ದ್ವೀಪದ ಪಕ್ಕ ಹಾದು ಅಜ್ಜಿ ಊರಿನ ಎದುರಿಗೇ ಹೋಗತ್ತೆ. ಇಳಿಯೋದು ಹತ್ತೋದು ಏನೂ ಇಲ್ಲ. ನೀನು ಇವನನ್ನ ಎತ್ಕೊಂಡು ನಿಂತ್ಕೋ, ಚಿಕ್ಕಮ್ಮ ಅಜ್ಜೀನ ದೋಣಿ ಕಟ್ಟೆಗೆ ಕರ್ಕೊಂಡು ಬರ್ಲಿ."

ನಾನು ನಕ್ಕೆ. ಸಮುದ್ರದಲ್ಲೇ ಹುಟ್ಟಿದವರು ಸಮುದ್ರ ನೋಡಲು ಟಿಕೆಟು ಕೊಳ್ಳುವುದೇ! ಸೊಸೆ ಸುರಾಯಾ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅವಳಿಗೆ ಬೇರೆಯದೇ ಭಯ. "ಹಡಗಲ್ಲಿ ಒಬ್ಬರಿಗೆ ವಾಂತಿ ಶುರುವಾದ್ರೆ ಎಲ್ಲರಿಗೂ ವಾಂತಿ. ಮಗು ಕಂಬಿ ಸಂದಿಯಲ್ಲಿ ನುಸುಳಿದ್ರೆ? ಊಟ ಹಲಾಲೋ ಅಲ್ವೋ ಯಾರು ಬಲ್ಲರು?" ಹೊರಡಿಸಿದ ಹಮ್ದಾನನಿಗೂ ನಂಬಿಕೆ ಇರಲಿಲ್ಲ. "ನೀರಿನ ಮೇಲೆ ತೇಲೋ ಮಾಲ್ ಅದು. ಅಜ್ಜಿಗೋಸ್ಕರ ಮೂರು ದಿನ ಹಲ್ಲು ಕಚ್ಕೊಂಡು ಇದ್ದುಬಿಡೋಣ" ಎಂದ. ಹೀಗೆ ಯಾರಿಗೂ ಬೇಡದ ಪ್ರವಾಸಕ್ಕೆ ಎಲ್ಲರೂ ಹೊರಟೆವು. ನಾನು ಹುರಿದ ನೆತ್ತಿಲಿ ಮೀನಿನ ಡಬ್ಬಿಯನ್ನು ಉಡುಪಿನ ಮಡಿಕೆಯಲ್ಲಿ ಸುತ್ತಿಟ್ಟುಕೊಂಡೆ.

ಹಿಂದಿನ ದಿನ ಅಮ್ಮ ನಿನ್ನ ಫೋನಿನಿಂದ ಮಾತಾಡಿದ್ದು ನೆನಪಿದೆಯಾ? ನನ್ನನ್ನು ಇನ್ನೂ ಹತ್ತು ವರ್ಷದ ಹುಡುಗಿ ಎಂದುಕೊಂಡ ಹಾಗೆ ಗದರಿದಳು. "ಕೂಸು ಮೊದಲನೇ ಸಲ ಕಡಲಿಗೆ ಹೊರಟೈತೆ. ನಮ್ಮ ದ್ವೀಪದ ನೀರಲ್ಲಿ ಮುಖ ತೊಳ್ಸು. ಇದು ನಿನ್ನ ಕುಡಿ ಅಂತ ಕಡಲಿಗೆ ಹೇಳು. ಹಂಗೇ ಕರ್ಕೊಂಡು ಬಂದ್ರೆ ನಾನು ನೋಡಲ್ಲ, ಕಣ್ಣು ಮುಚ್ಕೋತೀನಿ." ನಮ್ಮಿಬ್ಬರಿಗೂ ಅವಳು ಹಾಗೇ ಮಾಡಿದ್ದಳು, ನಾವು ನಮ್ಮ ಮಕ್ಕಳಿಗೂ ಮಾಡಿದೆವು. ಲುತ್ಫಿಗೆ ಮಾತ್ರ ಆಗಿರಲಿಲ್ಲ, ಮಹಡಿ ಮನೆಯ ಕೂಸು. ಆಗಲಿ ಅಮ್ಮ, ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ.

ಹಡಗು ಎಂದರೆ ಹಡಗಲ್ಲ ಲಿಮಾ. ನಮ್ಮ ಬೀದಿಯ ಮೂರು ಕಟ್ಟಡಗಳನ್ನು ಮಲಗಿಸಿದ ಹಾಗಿತ್ತು. ಒಳಗೆ ಹೋದರೆ ಸಮುದ್ರದ ವಾಸನೆಯೇ ಇಲ್ಲ, ಬರೀ ಸೆಂಟು. ನಮ್ಮ ಕೋಣೆಗೆ ಕಿಟಕಿಯೂ ಇರಲಿಲ್ಲ. ಲುತ್ಫಿ ಕೇಳಿದ, "ಅಜ್ಜಿ, ಹಡಗು ಯಾವಾಗ ಬರತ್ತೆ?" ನಾವು ಅದರೊಳಗೇ ಇದ್ದೀವಿ ಮರಿ ಎಂದರೆ ನಂಬಲಿಲ್ಲ. ಅವನ ಅಪ್ಪನ ಮುಖ ನೋಡಿದ. ಅಪ್ಪನೂ ಅಷ್ಟೇನೂ ನಂಬಿದ ಹಾಗೆ ಕಾಣಲಿಲ್ಲ.

ಹೊತ್ತು ಇಳಿಯುವಾಗ ಹಡಗು ಹೊರಟಿತು. ನಾನು ಕೂಸನ್ನು ಕರೆದುಕೊಂಡು ಕೆಳಗಿನ ಅಂಗಳದ ಕಟಕಟೆಗೆ ಬಂದೆ. ಸ್ವಲ್ಪ ಹೊತ್ತಿಗೆ ನಮ್ಮ ದ್ವೀಪ ಕಾಣಿಸಿತು. ಕಾಣಿಸಿತು ಎಂದು ಹೇಗೆ ಹೇಳಲಿ, ಪಕ್ಕದ ದ್ವೀಪವೂ ಅದೂ ಕೂಡಿಹೋಗಿ, ಊರಿನ ಕಸದ ಬೂದಿ ತುಂಬಿ, ಮೇಲೆ ಹುಲ್ಲು ಬೆಳೆದು ನಿಂತಿದೆ. ಅಪ್ಪ ದೋಣಿ ಕಟ್ಟುತ್ತಿದ್ದ ಜಾಗ ಎಲ್ಲೆಂದು ತಿಳಿಯಲಿಲ್ಲ. ಆದರೆ ನೀರಿನ ಬಣ್ಣ ಅದೇ. ಲುತ್ಫಿಯ ಮರಳಾಟದ ಪುಟ್ಟ ಬಕೆಟ್ಟನ್ನೂ ಮನೆಯಿಂದ ತಂದಿದ್ದ ನೈಲಾನ್ ಹಗ್ಗವನ್ನೂ ಚೀಲದಿಂದ ತೆಗೆದೆ. ಗಾಳಿಗೆ ಹಾರದಿರಲಿ ಎಂದು ಅವನ ಟೋಪಿಯನ್ನು ಬಕೆಟ್ಟಿನೊಳಗೆ ತುರುಕಿಟ್ಟಿದ್ದೆ, ಅದನ್ನು ತೆಗೆಯುವುದು ಮರೆತು ಬಿಸ್ಮಿಲ್ಲಾ ಎಂದು ಕೆಳಗೆ ಬಿಟ್ಟೆ.

ನಗು ಬರುತ್ತಿದೆಯಾ? ನಕ್ಕುಬಿಡು. ದೋಣಿಯ ಅಂಚಿನಿಂದ ನೀರು ಮೊಗೆದ ಕೈ ಇದು, ಅದಕ್ಕೆ ಹಡಗಿನ ಎತ್ತರ ಏನು ಗೊತ್ತು! ಹಗ್ಗ ಬಿಟ್ಟಷ್ಟೂ ನೀರು ಕೆಳಗೇ ಇತ್ತು. ಬಕೆಟ್ಟು ಗಾಳಿಗೆ ತೂಗಾಡಿ ಕೆಳಗಿನ ಕಿಟಕಿಗಳಿಗೆ ಪಟಪಟ ಬಡಿಯಿತು. ಆಮೇಲೆ ನೀರಿಗೆ ತಾಗಿದ ಗಳಿಗೆಗೇ ಹಡಗಿನ ಓಟಕ್ಕೆ ಸಿಕ್ಕಿ ಹಗ್ಗ ನನ್ನ ಅಂಗೈ ಸುಟ್ಟುಕೊಂಡು ಹೋಯಿತು. ಮೇಲಿನ ಮಹಡಿಯಿಂದ ಯಾರೋ ಹೆಂಗಸು ಟೋಪಿ ಬಿದ್ದದ್ದು ಕಂಡು, "ಮಗು ಬಿತ್ತು! ಮುದುಕಿ ಕೈಯಿಂದ ಮಗು ಬಿತ್ತು!" ಎಂದು ಕಿರುಚಿಕೊಂಡಳು.

ಗಂಟೆ ಹೊಡೆಯಿತು. ಬಿಳಿ ಬಟ್ಟೆಯವರು ಓಡಿ ಬಂದರು. ಕೂಸು ನನ್ನ ಸೊಂಟದ ಮೇಲೇ ಇದ್ದಾನೆ, ಆದರೂ ಅವರಿಗೆ ಸಮಾಧಾನವಿಲ್ಲ. ಇನ್ನೊಂದು ಮಗು ಇತ್ತೇನೋ ಎಂಬ ಸಂಶಯ. ಹಡಗಿನಲ್ಲಿದ್ದ ಮಕ್ಕಳನ್ನೆಲ್ಲ ಎಣಿಸಬೇಕಂತೆ, ಕ್ಯಾಮೆರಾ ನೋಡಬೇಕಂತೆ. ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಯಾರೂ ಒರಟಾಗಿ ಮಾತಾಡಲಿಲ್ಲ, ಚಹಾ ಕೂಡ ಕೊಟ್ಟರು. ಸುದ್ದಿ ಕೇಳಿ ಸುರಾಯಾಳ ಜೊತೆ ಓಡಿ ಬಂದ ಹಮ್ದಾನ್ ಅವರಿಗೆ ಕೈಮುಗಿಯುವುದೊಂದು ಬಾಕಿ. ಕೊನೆಗೆ ನನ್ನ ಕಡೆ ತಿರುಗಿ, "ಆ ಬಕೆಟ್ಟಿಗೆ ನನ್ನ ಮರ್ಯಾದೇನೂ ಕಟ್ಟಿ ಇಳಿಸಿದ್ಯಲ್ಲಮ್ಮ" ಎಂದ. ಸುರಾಯಾ ಅವನನ್ನು ಗದರಿದಳು. "ಸುಮ್ನಿರ್ರೀ. ನೀರು ಬೇಕು ಅಂತ ನಮ್ಮನ್ನ ಕೇಳಬಹುದಿತ್ತು, ಅಷ್ಟೇ." ಇಷ್ಟು ವರ್ಷದಲ್ಲಿ ಅವಳು ನನ್ನ ಪರ ಮಾತಾಡಿದ್ದು ಅದೇ ಮೊದಲು.

ಮರುದಿನ ಸುರಾಯಾ ಈಜುಕೊಳದಿಂದ ಒಂದು ಲೋಟ ನೀರು ತಂದಳು. "ಇದಕ್ಕೂ ಸಮುದ್ರದ್ದೇ ನೀರು ತುಂಬಿಸೋದಂತೆ, ಕೇಳ್ಕೊಂಡು ಬಂದೆ." ಪಾಪ, ಅವಳ ಮನಸ್ಸು ಒಳ್ಳೆಯದು. ಅದರಲ್ಲೇ ಲುತ್ಫಿಯ ಮುಖ ತೊಳೆದೆ. ಔಷಧಿ ಹಾಕಿದ ನೀರು, ಕಣ್ಣು ಉರಿದು ಚೀರಾಡಿದ. ಅದನ್ನು ನಮ್ಮ ಕಡಲು ಎಂದುಕೊಳ್ಳಲು ನನ್ನಿಂದ ಆಗಲಿಲ್ಲ.

ಪೆನಾಂಗ್ ಸಮೀಪಿಸಿ ಫೋನಿಗೆ ಜೀವ ಬಂದಾಗ, ನೀನು ಕಟ್ಟೆಯ ಮೇಲೆ ನಿಂತು ಕಳಿಸಿದ ಧ್ವನಿ ಕೇಳಿಸಿತು. ಅಮ್ಮನನ್ನು ಕುರ್ಚಿ ಸಮೇತ ಹೊತ್ತು ತಂದಿದ್ದಿರಿ. "ಅಗೋ ಸಪಿಯಾ! ಕೂಸನ್ನ ಎತ್ತಿ ಹಿಡಿದವ್ಳೆ ನೋಡೇ!" ಎಂದು ಅವಳು ಕೂಗುತ್ತಿದ್ದಳು. ಎಷ್ಟು ವರ್ಷವಾಗಿತ್ತು ಆ ದನಿಯಲ್ಲಿ ಅಷ್ಟು ಸಂತೋಷ ಕೇಳಿ! ನಾನು ಕೇಳಿದೆ, ಹಮ್ದಾನನಿಗೆ ಕೇಳಿಸಿದೆ, ಅವನು ಎದ್ದು ಹೊರಗೆ ಹೋದ. ನಾವು ಊರಿಗೆ ಮರಳಿದ ಶುಕ್ರವಾರವೇ ಅವಳು ಹೋದಳು. ಇಲ್ಲಿಂದ ಮೊದಲ ದೋಣಿ ಹೊರಡುವ ಮುಂಚೆ ಮಣ್ಣೂ ಆಗಿಹೋಗಿತ್ತು.

ಅಮ್ಮನ ಸೇವೆಯನ್ನೆಲ್ಲ ನೀನೊಬ್ಬಳೇ ಮಾಡಿದೆ. ಅದರ ಪುಣ್ಯ ನಿನಗೆ ಸಲ್ಲಲಿ. ನಿನ್ನ ಯಜಮಾನರ ಬಲೆ ಬರಿದಾಗದಿರಲಿ, ನಿನ್ನ ಮಕ್ಕಳು ನಿನ್ನ ಕಣ್ಣಳತೆಯಲ್ಲೇ ಬಾಳಲಿ. ಅಮ್ಮನ ಗೋರಿಗೆ ನನ್ನ ಹೆಸರು ಹೇಳಿ ಒಂದು ಹಿಡಿ ಹೂ ಹಾಕು.

ನಿನ್ನ ಅಕ್ಕ,
ಸಪಿಯಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ನೀರಿನಲ್ಲಿ ಹುಟ್ಟು ಹಾಕಿದವಳು ನೀನು. ನಮ್ಮ ದ್ವೀಪ ದಾಟಿದ ಮೇಲೆ ನಿಮ್ಮ ಕಟ್ಟೆ ಎಷ್ಟು ಹತ್ತಿರ ಎಂದು ನಿನಗೆ ಹೇಳಬೇಕಿಲ್ಲ. ಹಡಗು ನಿಮ್ಮ ಎದುರು ಹಾಯುವಾಗ ನಾನು ಕಟಕಟೆಯಲ್ಲಿ ಇರಲಿಲ್ಲ ಲಿಮಾ. ಬಿಳಿ ಬಟ್ಟೆಯವರು ಕೂರಿಸಿದ ಕಿಟಕಿಯಿಲ್ಲದ ಕೋಣೆಯಲ್ಲಿ ಇನ್ನೂ ಕೂತಿದ್ದೆ. ಲುತ್ಫಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಬಿಡಿ, ನನ್ನ ತಾಯಿ ಕಾಯ್ತಿದಾಳೆ ಎಂದು ಬೇಡಿದೆ, ಮಕ್ಕಳ ಲೆಕ್ಕ ಮುಗಿಯಲಿ ಎಂದರು. ಹೊರಗೆ ಬಂದಾಗ ಸುತ್ತ ಬರೀ ನೀರು. ಅಮ್ಮ ಯಾರನ್ನು ಕಂಡಳೋ ನಾನರಿಯೆ. ಆ ಧ್ವನಿಯನ್ನು ಈಗಲೂ ದಿನಾ ಕೇಳುತ್ತೇನೆ. ಮೊದಲು ಗಾಳಿಯ ಸದ್ದಿನ ನಡುವೆ ಅಮ್ಮನ ಕೂಗು. ಆಮೇಲೆ ನಿನ್ನ ಮಾತು: "ಹೂಂ ಅಮ್ಮ, ಅವಳೇ. ಕೂಸು ನಗ್ತಾ ಇದೆ." ಅಷ್ಟು ದೂರದಿಂದ ಕೂಸಿನ ನಗು ಯಾರಿಗೆ ಕಂಡೀತು? ನಿನಗೂ ಏನೂ ಕಾಣಲಿಲ್ಲ, ಅದು ನನಗೆ ಗೊತ್ತು. ನಲವತ್ತಕ್ಕೆ ನಾನು ಬರದೇ ಇದ್ದದ್ದು ಮಂಡಿ ನೋವಿಗಲ್ಲ. ಬಂದರೆ ಊರಿನ ಹೆಂಗಸರೆಲ್ಲ ನನ್ನ ಕೈ ಹಿಡಿದು, ನಿಮ್ಮಮ್ಮ ನಿನ್ನನ್ನ ಕಂಡೇ ಹೋದಳಲ್ಲ ಎನ್ನುತ್ತಾರೆ, ನೀನು ಎದುರಿಗೇ ಕೂತಿರುತ್ತೀಯ. ನೀನು ಅವಳ ಸಲುವಾಗಿ ಒಂದು ಸಲ ಹೂಂ ಅಂದೆ. ನಾನು ಬದುಕಿರುವ ತನಕ ಅನ್ನುತ್ತಲೇ ಇರಬೇಕು.