ನಮ್ಮ ದೋರಾ ಸಿಸ್ತೆಮಾತಾ

ಟ್ಯುರಿನ್
ಜುಲೈ ೧೯, ೧೯೮೩

ಅಮ್ಮಾ,

ನಿನ್ನ ದೋರಾಳ ಮುತ್ತುಗಳು. ಇದು ಮೂರನೆಯ ಕಾಗದ. ಮೊದಲೆರಡನ್ನು ಹರಿದು ಹಾಕಿದೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಕಿಟಕಿಗೆ ಹೋಗಿ ಬಂದಿದ್ದೇನೆ. ಹೇಳಿಬಿಡುತ್ತೇನೆ: ಸವೇರಿಯೋನ ಮನೆ ಬಿಟ್ಟು ಎರಡು ತಿಂಗಳಾಯಿತು. ನಮ್ಮ ಅಂಚೆ ಕಚೇರಿಯ ಗೆಳತಿಯ ಕೋಣೆಯಲ್ಲಿದ್ದೇನೆ. ಇನ್ನು ಅವನಲ್ಲಿಗೆ ಹೋಗುವುದಿಲ್ಲ.

ಈಗ ನೀನು ಕುರ್ಚಿ ಹುಡುಕುತ್ತಿರುತ್ತೀಯ. ಕೂತುಕೋ.

ಭಾನುವಾರ ಫೋನಿನಲ್ಲಿದ್ದಾಗಲೇ ನೀನು ಪಕ್ಕದ ಮನೆಯ ವಿಂಚೆನ್ಸಾಳಿಗೆ ಹೇಳಿದ್ದು ಕೇಳಿಸಿತು: “ನಮ್ಮ ದೋರಾ ಸಿಸ್ತೆಮಾತಾ ಕಣೇ, ಇನ್ನು ನಾನು ಕಣ್ಮುಚ್ಚಿದ್ರೂ ಚಿಂತೆಯಿಲ್ಲ.” ಆ ಒಂದು ಮಾತಿನಿಂದ ನೀನು ಎಷ್ಟು ಕೆಲಸ ಮಾಡಿಸುತ್ತೀಯ! ಪಾತ್ರೆ ತೊಳೆದು ಜೋಡಿಸಿದರೆ ಅಡುಗೆಮನೆ ಸಿಸ್ತೆಮಾತಾ. ಅಜ್ಜನ ಸಮಾಧಿಗೆ ಹೊಸ ಕಲ್ಲು ಹಾಸಿದರೆ ಅದೂ ಸಿಸ್ತೆಮಾತಾ. ಗಂಡ, ಮನೆ, ಸರ್ಕಾರಿ ಕೆಲಸ ಮೂರೂ ಸಿಕ್ಕಿ ನೆಲೆ ನಿಂತರೆ ಮಗಳೂ ಅದೇ. ಜೋಡಿಸಿಟ್ಟದ್ದು ಇಟ್ಟಲ್ಲೇ ಇರಬೇಕು, ಅಲ್ಲವೇ? ನನ್ನಿಂದ ಆಗಲಿಲ್ಲ.

ಹೋದ ಆಗಸ್ಟಿನಲ್ಲಿ ಊರಿಗೆ ಬಂದಾಗ ರೂಢಿಯಂತೆ ಗಂಡನ ಜೊತೆ ಚೌಕದಿಂದ ಚರ್ಚಿನವರೆಗೆ ಸಂಜೆಯ ಸುತ್ತು ಹಾಕಿದೆ. ರಜೆಗೆ ಬಂದ ಜೋಡಿ ಹಾಗೆ ಕಾಣಿಸಿಕೊಳ್ಳದಿದ್ದರೆ ಮೂರೇ ದಿನದಲ್ಲಿ ಊರೆಲ್ಲ ಗುಸುಗುಸು. ಸವೇರಿಯೋ ಒಂದೊಂದು ಬಾಲ್ಕನಿಗೂ ಕೈಯೆತ್ತಿ ನಗುತ್ತಿದ್ದ. ಇನ್ನೊಂದು ಕೈಯಲ್ಲಿ ನನ್ನ ಬೆರಳುಗಳನ್ನು ಹಿಂಡುತ್ತಿದ್ದ, ಊಟದ ಹೊತ್ತಿಗೆ ಎದುರು ಮಾತಾಡಿದ್ದಕ್ಕೆ. ಮನೆಗೆ ಬಂದಾಗ ನೀನು ಊದಿದ ಬೆರಳು ನೋಡಿದೆ. “ಐಸ್ ಇಟ್ಕೋ, ವಿಂಚೆನ್ಸಾ ಬರ್ತಾಳೆ” ಅಂದೆ, ಅಷ್ಟೇ. ಆಗ ನನಗೆ ಅವನಿಗಿಂತ ನಿನ್ನ ಮೇಲೆ ಹೆಚ್ಚು ಸಿಟ್ಟು ಬಂದಿತ್ತು.

ಆಗಸ್ಟ್ ಐದಕ್ಕೆ ಬರುತ್ತೇನೆ, ಒಬ್ಬಳೇ. ಜನ ಆಡಿಕೊಳ್ಳಲಿ, ಆಡುವ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಈ ಸಲ ಸಂಜೆಯ ಸುತ್ತಿಗೆ ನಿನ್ನ ತೋಳು ಹಿಡಿದು ಹೋಗಬೇಕೆಂದಿದ್ದೇನೆ. ಬರುತ್ತೀಯಾ? ಬಾಗಿಲಿಗೇ ಬರಬೇಡ ಅನ್ನುವುದಾದರೆ ಅದನ್ನೂ ಬರೆ. ನಾಳೆಯಿಂದ ಕಚೇರಿಗೆ ಬರುವ ಒಂದೊಂದು ಚೀಲದಲ್ಲೂ ನಿನ್ನ ಅಕ್ಷರ ಹುಡುಕುತ್ತಿರುತ್ತೇನೆ.

ನಿನ್ನ ಮಗಳು,
ದೋರಾ

ಇನ್ನೊಂದು ಮಾತು: ಆಗ ನನಗೆ ಐದು ವರ್ಷ. ಅಪ್ಪ ತಟ್ಟೆ ಎಸೆದ ಆ ಮಧ್ಯಾಹ್ನ ನನ್ನನ್ನೆತ್ತಿಕೊಂಡು ನೀನು ಅಜ್ಜಿಯ ಮನೆಗೆ ಓಡಿದೆ. ಅಜ್ಜಿ ಬಾಗಿಲು ಅರ್ಧವೇ ತೆರೆದು, “ಗಂಡ ಇದಾನೆ, ಮನೆ ಇದೆ, ನೀನು ಸಿಸ್ತೆಮಾತಾ. ಹೋಗು” ಅಂದಳು. ನೀನು ದಾರಿಯುದ್ದಕ್ಕೂ ಅಳುತ್ತಾ ವಾಪಸು ಬಂದೆ. ಹೆಗಲ ಮೇಲೆ ನನಗೆ ನಿದ್ದೆ ಬಂದಿತ್ತು ಅಂತ ಇವತ್ತಿಗೂ ಅಂದುಕೊಂಡಿದ್ದೀಯ. ಬಂದಿರಲಿಲ್ಲ ಅಮ್ಮಾ.