ಎಲ್ಲರಿಗೂ ಒಂದೇ ಕೋಟು

ಅತ್ತಿಗೆಗೆ ನಮಸ್ಕಾರ.

ಗಡಿಗೆ ಹೊರಡುವ ಆದೇಶ ಇನ್ನೂ ಬಂದಿಲ್ಲ. ಬೂಟು ಉಜ್ಜುವುದು, ಸಾಲಿನಲ್ಲಿ ನಿಲ್ಲುವುದು, ಇಷ್ಟೇ ನಮ್ಮ ದಿನ. ಇವತ್ತು ಬೆಳಿಗ್ಗೆ ಉಗ್ರಾಣದಲ್ಲಿ ಎಲ್ಲರ ಫೋಟೊ ತೆಗೆದರು. ಅರವತ್ತು ಜನಕ್ಕೆ ಇರುವುದು ಒಂದೇ ಕೋಟು. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ತೊಡಬೇಕು. ದೊಗಳೆಯಾದರೆ ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿಯುತ್ತಾರೆ.

"ಮದುಮಗನ ಹಾಗೆ ಕಾಣ್ತಿದೀಯಲ್ಲೋ" ಎಂದು ಪಕ್ಕದ ಮಂಚದ ಮೀಸೆಯವನು ರೇಗಿಸಿದ. ನನಗೆ ನಗು ಬಂತು.

"ನಗಬೇಡ" ಎಂದರು ಫೋಟೊ ತೆಗೆಯುವವರು.

"ಇದು ಯಾವುದಕ್ಕೆ ಸಾರ್?"

"ನೀನು ವಾಪಸ್ ಬಂದ್ರೆ ಯಾವುದಕ್ಕೂ ಅಲ್ಲ."

ಆಗ ಕೋಟನ್ನು ಸರಿಯಾಗಿ ನೋಡಿದೆ. ಗುಂಡಿಗಳೆಲ್ಲ ಕಪ್ಪು, ಎರಡನೆಯದು ಮಾತ್ರ ಕಂದು. ಅಣ್ಣ ಹೋದ ಸುದ್ದಿಯ ಜೊತೆ ಮನೆಗೆ ಬಂದ ಫೋಟೊದಲ್ಲಿರುವುದು ಇದೇ ಗುಂಡಿ. ಟೋಪಿಯ ನೆರಳಲ್ಲಿ ಮುಖ ಮಸುಕಾದ ಆ ಫೋಟೊ ಹಿಡಿದುಕೊಂಡು, "ಇದು ಅವರ ಕೋಟಲ್ಲ. ಅವರು ಹೀಗೆ ಎಡಭುಜ ಎತ್ತಿ ನಿಲ್ಲೋರೂ ಅಲ್ಲ. ಯಾರದೋ ಸುದ್ದಿ ನಮಗೆ ಬಂದಿದೆ" ಎಂದು ನೀವು ಎರಡು ವರ್ಷದಿಂದ ಕಾಯುತ್ತಿದ್ದೀರಿ.

ಕೋಟು ಅಣ್ಣನದಲ್ಲ, ನೀವು ಹೇಳಿದ್ದು ಸರಿ. ಆದರೆ ಬೆನ್ನ ಹಿಂದಿನ ಆ ಪಿನ್ನು ಎಡಭುಜದ ಹತ್ತಿರ ಚುಚ್ಚುತ್ತದೆ, ಅತ್ತಿಗೆ. ನಾನೂ ಭುಜ ಎತ್ತಿಕೊಂಡೇ ನಿಂತೆ. ಫೋಟೊದಲ್ಲಿರುವುದು ಅಣ್ಣನೇ.

ಚುಚ್ಚುಮದ್ದಿನ ಜ್ವರ ಇಳಿದಿದೆ, ಊಟ ಸೇರುತ್ತಿದೆ. ಅಮ್ಮನಿಗೆ ಈ ಒಂದು ಸಾಲನ್ನು ಮಾತ್ರ ಓದಿ ಹೇಳಿ. ಸೀಟಿ ಊದಿದರು, ಹೋಗಬೇಕು.

ನಿಮ್ಮ ಮೈದುನ