ಹಸಿರು ಗೆರೆಯ ಕಣ್ಣು

೧೧ ಜನವರಿ ೧೯೮೮, ಸೋಮವಾರ. ಮುನಿರಾಬಾದ್

ಬೆಳಿಗ್ಗೆಯಿಂದ ನೀರಾವರಿ ಕಚೇರಿಯಲ್ಲಿ ಕಾಲುವೆ ನಕ್ಷೆಯ ಟ್ರೇಸಿಂಗ್. ಮಧ್ಯಾಹ್ನ ಇಂಕು ಚೆಲ್ಲಿ ಅರ್ಧ ಹಾಳೆ ಹಾಳು. ಹೆಡ್ ಡ್ರಾಫ್ಟ್ಸ್‌ಮನ್ ಬೈದರು — ಬೈಯಲಿ, ನನ್ನ ತಲೆ ಅಲ್ಲಿರಲೇ ಇಲ್ಲ. ಪಕ್ಕದ ಕೋಣೆಗೆ ಕಂಪ್ಯೂಟರ್ ಬಂದಿದೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಂತೆ. ಗುಡಿಗಿಂತ ಜೋರು ಮಡಿ!

ನಡೆಸುವವಳು ಶಹನಾಜಬೇಗಂ. ಗಂಗಾವತಿಯವಳು, ಹೈದರಾಬಾದಿನಲ್ಲಿ ಕಲಿತು ಬಂದಿದ್ದಾಳೆ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಳಗೆ ಕರೆದು ಕೀಲಿ ಒತ್ತಿದಳು. ಕಪ್ಪು ಗಾಜಿನ ಮೇಲೆ ಹಸಿರು ಗೆರೆಯೊಂದು ತಾನೇ ದುಂಡಗೆ ಸುತ್ತಿ ಬಂದು ಕೂಡಿಕೊಂಡಿತು. ಕುಂಚವಿಲ್ಲ, ಬಣ್ಣವಿಲ್ಲ, ಯಾರ ಕೈಯೂ ಇಲ್ಲ! ಚಿತ್ರಗಾರರ ಮನೆಯಲ್ಲಿ ಹುಟ್ಟಿ ಬಣ್ಣ ಅರೆಯುತ್ತಲೇ ಬೆಳೆದವಳು ನಾನು. ಇಂಥದ್ದು ಕಂಡಿರಲಿಲ್ಲ.

೨೩ ಜನವರಿ, ಶನಿವಾರ. ಕಿನ್ನಾಳ

ಊರಿಗೆ ಬಂದೆ. ಅಪ್ಪ ಮಾಡುತ್ತಿದ್ದ ದೇವಿಯ ಮೂರ್ತಿ ಇನ್ನೂ ಮೂಲೆಯಲ್ಲೇ ಇದೆ, ಮುಖಕ್ಕೆ ಬಟ್ಟೆ ಹೊದ್ದು. ಸೀರೆ, ಕಿರೀಟ, ತುಟಿ ಎಲ್ಲ ಮುಗಿದಿದೆ. ಕಣ್ಣು ಮಾತ್ರ ಇಲ್ಲ. ನಮ್ಮ ಮನೆಯ ರೂಢಿ — ಕಣ್ಣು ಕೊನೆಗೆ. ಅದನ್ನು ಮನೆಯ ಹಿರಿಯನೇ ತೆರೆಯಬೇಕು. ದೇವಿಯ ಮೊದಲ ನೋಟ ಕನ್ನಡಿಯಲ್ಲಿ ತನ್ನ ಮೇಲೇ ಬೀಳಬೇಕು. ಹೆಣ್ಣುಮಕ್ಕಳು ಬಣ್ಣ ಅರೆಯಬಹುದು, ಸೀರೆ ತುಂಬಬಹುದು. ಕಣ್ಣಿನ ಹತ್ತಿರ ಬರುವಂತಿಲ್ಲ.

ಅಪ್ಪನ ಬಲಗೈ ದಸರೆಯಿಂದ ನಡುಗುತ್ತಿದೆ. ಚಹಾದ ಬಸಿ ಹಿಡಿದರೂ ಅರ್ಧ ನೆಲಕ್ಕೆ. ಮೂರ್ತಿ ಮಾಡಿಸಿದ ಇರಕಲ್ಲಗಡದವರು ಮತ್ತೆ ಬಂದು ಕೇಳಿ ಹೋದರಂತೆ. ಕಣ್ಣು ನಾನು ಬರೆಯಲೇ ಎಂದೆ. ಅಪ್ಪ ಕೇಳಿಸದವನಂತೆ ಕೂತ. ಸಿಟ್ಟು ಬಂತು. ಆಮೇಲೆ ಆ ಕೈ ನೋಡಿ ಅಳು ಬಂತು.

ಅಪ್ಪ ಎಂದೋ ಬರೆದ ದೇವಿಯ ಹಲಗೆ ಗೋಡೆಯ ಮೇಲಿದೆ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮುಖದ ಗೆರೆಗಳನ್ನು ಎತ್ತಿಕೊಂಡೆ. ಶಹನಾಜಳ ಮಷೀನಿಗೆ ಕೊಟ್ಟು ನೋಡಬೇಕು.

೯ ಫೆಬ್ರುವರಿ

ಊಟದ ಬಿಡುವೆಲ್ಲ ಶಹನಾಜಳ ಕೋಣೆಯಲ್ಲೇ. ಅಪ್ಪನ ಗೆರೆಯನ್ನು ಗ್ರಾಫ್ ಹಾಳೆಗೆ ಇಳಿಸುವುದು, ಚುಕ್ಕೆ ಚುಕ್ಕೆಗೂ ಅಂಕಿ ಹಾಕುವುದು, ಅವಳು ಹೇಳಿಕೊಟ್ಟಂತೆ ಟೈಪ್ ಮಾಡುವುದು. ಅಂಕಿಯಲ್ಲಿ ಮೂಗು! ಅಂಕಿಯಲ್ಲಿ ಮೂಗುತಿ!

ಇವತ್ತು ಮುಖ ಮೂಡಿತು — ತಲೆಕೆಳಗಾಗಿ. ಗದ್ದ ಮೇಲೆ, ಕಿರೀಟ ಕೆಳಗೆ. ತಪ್ಪಾಯಿತು ತಾಯಿ ಎಂದು ಗಲ್ಲ ಬಡಿದುಕೊಂಡೆ. ಶಹನಾಜ ಬಿದ್ದು ಬಿದ್ದು ನಕ್ಕಳು. ನಾವು ಗ್ರಾಫಿನಲ್ಲಿ ಕೆಳಗಿನಿಂದ ಮೇಲಕ್ಕೆ ಎಣಿಸುವವರು. ಈ ಮಷೀನು ಮೇಲಿನಿಂದ ಕೆಳಕ್ಕೆ ಎಣಿಸುತ್ತದಂತೆ. ಎಲ್ಲ ಅಂಕಿ ಮತ್ತೆ ಬರೆಯಬೇಕು. ಬರೆಯುತ್ತೇನೆ. ಈಗೀಗ ಹಸಿವೇ ನೆನಪಾಗುವುದಿಲ್ಲ.

೨ ಮಾರ್ಚ್

ಮುಖ ನೆಟ್ಟಗಾಯಿತು. ಕಣ್ಣಿನ ಅಂಕಿಗಳನ್ನೂ ಹಾಕಿಟ್ಟಿದ್ದೇನೆ, ಬೇರೆಯಾಗಿ. ಒಂದು ಕೀಲಿ ಒತ್ತುವುದಷ್ಟೇ ಬಾಕಿ. ಒತ್ತಿ ನೋಡೋಣ ಎಂದಳು ಶಹನಾಜ. ಅವಳ ಕೈ ಹಿಡಿದುಕೊಂಡೆ. ಅದು ಹಿರಿಯರ ಕೆಲಸ ಎಂದೆ. ಈ ಸಲ ಅವಳು ನಗಲಿಲ್ಲ.

“ಹಂಗಾರ ಅವರನ್ನ ಕರ್ಕೊಂಡ್ ಬರ್ರಿ, ಪಂಪಕ್ಕಾ. ಸಾಹೇಬ್ರನ್ನ ನಾ ಕೇಳ್ತೀನಿ.”

೪ ಮಾರ್ಚ್, ಶುಕ್ರವಾರ

ಅಪ್ಪ ಬಂದ. ಕಣ್ಣು ತೆರೆಯುವುದಿದೆ ಎಂದಷ್ಟೇ ಹೇಳಿ ಕಳಿಸಿದ್ದೆ. ತಲೆಸ್ನಾನ ಮಾಡಿ, ಉಪವಾಸ ಬಂದಿದ್ದ. ಚೀಲದಲ್ಲಿ ಮನೆಯ ಕನ್ನಡಿ. ಚಪ್ಪಲಿ ಬಿಡು ಎಂದು ಅವನಿಗೆ ಹೇಳಬೇಕಾಗಲಿಲ್ಲ.

ಹಸಿರು ಮುಖ ಮೂಡಿತು, ಕಣ್ಣಿಲ್ಲದೆ. ಕುರ್ಚಿ ಕೊಟ್ಟರೂ ಅಪ್ಪ ಕೂರಲಿಲ್ಲ. ಒತ್ತಬೇಕಾದ ಕೀಲಿ ತೋರಿಸಿದೆ. ಎಡಗೈಯಲ್ಲಿ ಕನ್ನಡಿಯನ್ನು ಗಾಜಿಗೆ ಎದುರಾಗಿ ಹಿಡಿದ. ತಾನು ಪಕ್ಕಕ್ಕೆ ಸರಿದು, ನಮ್ಮನ್ನೂ ಸರಿಸಿದ. ಶಹನಾಜ ದುಪಟ್ಟಾ ತಲೆಯ ಮೇಲೆಳೆದುಕೊಂಡಳು. ಅಪ್ಪನ ಬಲಗೈ ಬೆರಳು ನಡುಗುತ್ತ ನಡುಗುತ್ತ ಹೋಗಿ… ಒತ್ತಿತು.

ಕೈ ನಡುಗಿತು. ಗೆರೆ ನಡುಗಲಿಲ್ಲ.

ಮೊದಲು ಕನ್ನಡಿಯಲ್ಲೇ ನೋಡಿದೆವು. ರೆಪ್ಪೆ, ಕಿವಿಯತ್ತ ಬಾಗಿದ ತುದಿ, ಆಮೇಲೆ ಗುಡ್ಡೆ.

“ಇದು ನನ್ನ ಗೆರಿ,” ಅಂದ ಅಪ್ಪ.

“ಹೌದಪ್ಪಾ. ಗ್ವಾಡಿ ಮ್ಯಾಲಿನ ಹಲಗಿಂದ ಎತ್ತೇನಿ.”

ಅಪ್ಪನ ಕಣ್ಣಲ್ಲೂ ನನ್ನ ಕಣ್ಣಲ್ಲೂ ನೀರು. ಮಷೀನು ಬಂದ್ ಮಾಡುವ ಹೊತ್ತಾದಾಗ ಅಪ್ಪ ಗಾಬರಿಯಾದ. ತೆರೆದ ಕಣ್ಣು ಮುಚ್ಚಬಾರದಲ್ಲ! ಶಹನಾಜ ಫ್ಲಾಪಿ ತೋರಿಸಿದಳು — ಇದರೊಳಗೆ ಇರುತ್ತಾಳೆ, ಕರೆದಾಗ ಬರುತ್ತಾಳೆ ಎಂದಳು. ಅಪ್ಪ ಆ ಕರಿ ಚೌಕಕ್ಕೆ ಕೈ ಮುಗಿದ.

ಬಸ್ ಹತ್ತುವಾಗ ಕನ್ನಡಿಯನ್ನು ನನ್ನ ಕೈಗಿಟ್ಟ. “ಇಲ್ಲಿ ನಾ ತೆರದೆ. ಮನ್ಯಾಗಿನಾಕಿ ಕಣ್ಣ ನೀ ತೆರಿ.”

೮ ಮಾರ್ಚ್, ಮಂಗಳವಾರ. ಕಿನ್ನಾಳ, ಬೆಳಿಗ್ಗೆ

ರಜೆ ಹಾಕಿದೆ. ಸ್ನಾನವಾಯಿತು. ಹೊಟ್ಟೆ ಖಾಲಿ. ಕಪ್ಪು ಅರೆದಿಟ್ಟಿದ್ದೇನೆ. ನಾಳೆಯಿಂದ ಟ್ರೇಸಿಂಗ್ ಮೇಜು ಬಿಟ್ಟು ಶಹನಾಜಳ ಕೋಣೆಗೆ, ಸಾಹೇಬರ ಆರ್ಡರ್ ಆಗಿದೆ. ಕಣ್ಣಿಗೆ ಕುಂಚ ಇಡುವುದು ಇದೇ ಮೊದಲು. ಇದೇ ಕೊನೆಯೋ ಏನೋ. ಇವತ್ತು ಅಂಕಿಯಿಲ್ಲ, ಕೀಲಿಯಿಲ್ಲ. ತಪ್ಪಿದರೆ ಮತ್ತೆ ಬರೆಯುವಂತಿಲ್ಲ.

ಅಪ್ಪ ಮುಖದ ಬಟ್ಟೆ ತೆಗೆದ. ಕನ್ನಡಿ ಹಿಡಿದು ಕಾಯುತ್ತಿದ್ದಾನೆ. ಕನ್ನಡಿಯಲ್ಲಿ ದೇವಿ ನಡುಗುತ್ತಿದ್ದಾಳೆ. ನನ್ನ ಕೈ ಈಗ ಪೆನ್ನು ಬಿಟ್ಟು ಕುಂಚ ಹಿಡಿಯುತ್ತದೆ.